ಅಪೋಸ್ಟಿಲ್ ಮೇಷ್ಟ್ರು

ಹೊರದೇಶಕ್ಕೆ ಹೊರಟು ನಿಂತ ಇಂಗ್ಲಿಷ್ ಮೇಷ್ಟ್ರೊಬ್ಬರು ಪ್ರತಿ ಸ್ಟಾಫ್ ರೂಮಿನಲ್ಲೂ ಇರುತ್ತಾರೆ. ಹೊರಟು ಹತ್ತು ಹನ್ನೆರಡು ವರ್ಷವಾಗಿರುತ್ತದೆ. ಕಿಟಕಿ ಪಕ್ಕದ ಕುರ್ಚಿಯಿಂದ ಮಾತ್ರ ಎದ್ದಿರುವುದಿಲ್ಲ. ನಮ್ಮ ಪಿಯು ಕಾಲೇಜಿನವರಿಗೆ ನಾವಿಟ್ಟ ಹೆಸರು ಅಪೋಸ್ಟಿಲ್ ಮೇಷ್ಟ್ರು. ಅಪೋಸ್ಟಿಲ್ ಎಂದರೆ ಯಾವುದೋ ಹೊಟ್ಟೆನೋವಿನ ಮಾತ್ರೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲವಂತೆ. ಸರ್ಟಿಫಿಕೇಟಿನ ಮೇಲಿನ ಸಹಿ, ಮೊಹರು ಅಸಲಿ ಎಂದು ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿಯಂತೆ. ಈ ಚೀಟಿಯನ್ನು ಪರಸ್ಪರ ಒಪ್ಪಿಕೊಳ್ಳುವ ದೇಶಗಳ ಒಪ್ಪಂದಕ್ಕೆ ಭಾರತ ಸೇರಿದ್ದು 2005ರಲ್ಲಿ. ನನ್ನ ಮದುವೆಯ ದಿನಾಂಕ ಮರೆತರೂ ಈ ಇಸವಿ ಮರೆಯುವುದಿಲ್ಲ. ಅಷ್ಟು ಸಲ ಕೇಳಿದ್ದೇನೆ.

ಅವರದೊಂದು ಹಸಿರು ರೆಕ್ಸಿನ್ ಫೈಲು. ನಾಮಕರಣಕ್ಕೂ ಬರುತ್ತದೆ, ತಿಥಿ ಊಟಕ್ಕೂ ಬರುತ್ತದೆ. ಪಕ್ಕದಲ್ಲಿ ಕೂತವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಕೊರಿಯಾ ಶುರು. ಕೊರಿಯಾದವರು ಇಂಗ್ಲಿಷ್ ಕಲಿಸಲು ಬರುವವರಿಗಿರುವ ಇ-2 ವೀಸಾ ಕೊಡುವುದು ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಸಪ್ತ ಚಿರಂಜೀವಿಗಳ ಹೆಸರು ಹೇಳುವಂತೆ ಕಣ್ಣು ಮುಚ್ಚಿ ಹೇಳುತ್ತಾರೆ. ಆಮೇಲೆ ದನಿ ತಗ್ಗಿಸಿ, "ಆದರೆ 2010ರಿಂದ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ನಮಗೂ ಒಂದು ಸಂದಿ ಇದೆ" ಅನ್ನುತ್ತಾರೆ. ಆ ಸಂದಿಯಲ್ಲಿ ನುಸುಳಲು ಡಿಗ್ರಿಯ ಜೊತೆ ಶಿಕ್ಷಕರ ಅರ್ಹತಾ ಪತ್ರವೂ ಬೇಕು. ಎಂ.ಎ. ಮುಗಿಸಿ ಹದಿನೈದು ವರ್ಷ ಪಾಠ ಹೇಳಿದ ಮನುಷ್ಯ ಅದಕ್ಕಾಗಿ ತನ್ನ ಶಿಷ್ಯರ ಪಕ್ಕದ ಬೆಂಚಿನಲ್ಲಿ ಕೂತು ಎರಡು ವರ್ಷದ ಬಿ.ಇಡಿ. ಮಾಡಿದರು.

ಇನಿಷಿಯಲ್‌ನದು ಬೇರೆಯೇ ಪುರಾಣ. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಅಕ್ಷರ, ಊರಿನದೊಂದು ಅಪ್ಪನದೊಂದು. ಪಾಸ್‌ಪೋರ್ಟಿನಲ್ಲಿ ಅವೆರಡೂ ಬಾಲ ಬಿಚ್ಚಿಕೊಂಡು ಹೆಸರಿನ ಹಿಂದೆ ಹೋದವು. ಬ್ಯಾಂಕಾಕಿನ ಶಾಲೆಯೊಂದರಿಂದ "ಡಿಯರ್ ಮಿಸ್ಟರ್ ಹೆಬ್ಬೂರು" ಎಂದು ಪತ್ರ ಬಂದಾಗ, "ಇಡೀ ಊರನ್ನೇ ಕರೆದಿದ್ದಾರೆ ಸಾರ್, ಬಸ್ಸು ಮಾಡಿಸಿ" ಅಂದೆ. ಅವರು ನಗಲಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ಬರೆಸಲು ನೋಟರಿ ಹತ್ತಿರ ನನ್ನನ್ನೇ ಸಾಕ್ಷಿಗೆ ಎಳೆದುಕೊಂಡು ಹೋದರು.

ನನ್ನ ಜೀವ ತಿಂದದ್ದು ಪಿಸಿಸಿ, ಅಂದರೆ ಪೊಲೀಸರು ಕೊಡುವ ಸಚ್ಚಾರಿತ್ರ್ಯದ ಚೀಟಿ. ಕೇಳುವವರು ಆರು ತಿಂಗಳೊಳಗಿನದೇ ಬೇಕು ಅನ್ನುತ್ತಾರೆ. ಡಿಗ್ರಿಗೆ ಮೊಹರು ಬೀಳುವಷ್ಟರಲ್ಲಿ ಚಾರಿತ್ರ್ಯ ಹಳಸಿರುತ್ತದೆ. ಚಾರಿತ್ರ್ಯ ಹೊಸದಾಗುವಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಸೇರಿರುತ್ತಾರೆ. ನಾನು ಪಕ್ಕದ ಮನೆಯವನು, ಪ್ರತಿ ಸಲವೂ ನೆರೆಯ ಸಾಕ್ಷಿ. ಮೂರನೇ ಸಲ ಬಂದ ಕಾನ್‌ಸ್ಟೇಬಲ್ ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ, "ಸಾರ್, ಇವರು ಹೋಗ್ತಾರಾ ಇಲ್ಲಾ ನಾನೇ ಹೋಗ್ಲಾ?" ಎಂದು ಕೇಳಿದ. ಕಾಂಪೌಂಡಿನ ಆಚೆಯಿಂದ ಮೇಷ್ಟ್ರ ಉತ್ತರ ಬಂತು: "ನಿಮ್ಮದು ಯಾವ ಡಿಗ್ರಿ?"

ನಗುವ ಹಕ್ಕು ನನಗೂ ಇಲ್ಲ. ಅವರ ಮಾತು ಕೇಳಿ ನಾನೂ ದುಡ್ಡು ಕಟ್ಟಿ, ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವುದನ್ನು ಹೇಳಿಕೊಡುವ 120 ಗಂಟೆಯ ಟೆಫಲ್ ಕೋರ್ಸನ್ನು ಆನ್‌ಲೈನಿನಲ್ಲಿ ಎರಡೇ ಭಾನುವಾರದಲ್ಲಿ ಮುಗಿಸಿದೆ. ಭಾನುವಾರಕ್ಕೆ ಎಷ್ಟು ಗಂಟೆ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಮಾತ್ರ ಮುಖ ಸಿಂಡರಿಸಿದರು. "ಇದು ಗಂಧದ ಕಡ್ಡಿ. ಗಂಧ ಅಂದರೆ ಸೆಲ್ಟಾ ಕೋರ್ಸು. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಬೇಕು, ಹಿಂದೆ ಕೂತು ಒಬ್ಬರು ನೋಡುತ್ತಾರೆ."

ಜಪಾನ್ ವಿಷಯ ಬಂದಾಗ ಮಾತ್ರ ಅವರು ಫೈಲು ಬಿಚ್ಚುವುದಿಲ್ಲ. ಇಂಗ್ಲಿಷ್ ನಾಡಿನವರಲ್ಲದವರು ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಬೇಕಾದರೆ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿರಬೇಕು. ಮೇಷ್ಟ್ರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಎಬಿಸಿಡಿ ನೋಡಿದ್ದು ಐದನೇ ಕ್ಲಾಸಿನಲ್ಲಿ. ಪಿಯುಸಿ ಎರಡು, ಬಿ.ಎ. ಮೂರು, ಎಂ.ಎ. ಎರಡು, ಬಿ.ಇಡಿ. ಎರಡು: ಒಂಬತ್ತು. "ಇನ್ನು ಮೂರು ವರ್ಷ ಕಡಿಮೆ. ಪಿಎಚ್.ಡಿ. ಮಾಡಿದರೆ ತುಂಬುತ್ತಲ್ಲವಾ?" ಅಂದರು. ತಮಾಷೆ ಅಂದುಕೊಂಡು ನಕ್ಕೆ. ತಮಾಷೆಯಾಗಿರಲಿಲ್ಲ.

ಒಮ್ಮೆ ಅವರ ವಿಡಿಯೊ ಸಂದರ್ಶನದ ಹೊತ್ತಿಗೆ ನಾನು ಬಾಗಿಲ ಮರೆಯಲ್ಲಿದ್ದೆ. ಕರೆಂಟು ಹೋದರೆ ಮೊಬೈಲಿನ ಟಾರ್ಚು ಹಿಡಿಯುವುದು ನನ್ನ ಕೆಲಸ. ಪರದೆಯಲ್ಲಿ ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ನೀವು ನೇಟಿವ್ ಸ್ಪೀಕರಾ ಎಂದು ಕೇಳಿದ. ಮೇಷ್ಟ್ರು ಟೈ ಸರಿ ಮಾಡಿಕೊಂಡು, "ಇಲ್ಲ, ನಾನು ಕಲಿತವನು" ಅಂದರು. ಕೆಲಸ ಸಿಗಲಿಲ್ಲ. ಆದರೆ ಕ್ರಿಯಾಪದ ಎಲ್ಲಿ ಎಡವಿಸುತ್ತದೆ, 'ದಿ' ಎಲ್ಲಿ ಬೇಡ ಅಂತ ಹಳ್ಳಿ ಹುಡುಗರಿಗೆ ಅವರಷ್ಟು ಬಿಡಿಸಿ ಹೇಳುವವರನ್ನು ನಾನು ಕಂಡಿಲ್ಲ. ಎಡವಿದ ಕಲ್ಲುಗಳೆಲ್ಲ ಅವರಿಗೆ ಗೊತ್ತು. ಹೋದ ವರ್ಷ ಅವರ ಶಿಷ್ಯೆಯೊಬ್ಬಳು ಇದೇ ಹಸಿರು ಫೈಲಿನ ಕ್ರಮ ಹಿಡಿದು, ಒಂದು ಕಾಗದವೂ ವಾಪಸ್ ಬರದಂತೆ ಅರ್ಜಿ ಹಾಕಿ ಥಾಯ್ಲೆಂಡಿಗೆ ಹೋದಳು. ಬೀಳ್ಕೊಡಲು ಮೇಷ್ಟ್ರು ವಿಮಾನ ನಿಲ್ದಾಣದವರೆಗೂ ಹೋಗಿದ್ದರು. ಗೇಟಿನಲ್ಲಿ ಟಿಕೆಟ್ ಕೇಳಿದಾಗ ಅಭ್ಯಾಸಬಲದಿಂದ ಬಿ.ಇಡಿ. ಸರ್ಟಿಫಿಕೇಟು ತೆಗೆದರಂತೆ.

ನಿನ್ನೆ ರಾತ್ರಿ ಮತ್ತೆ ಫೋನು. ಪಿಸಿಸಿ ಅವಧಿ ಮುಗಿದಿದೆ, ಸೋಮವಾರ ಮನೆಯಲ್ಲೇ ಇರಿ ಅಂದರು. ಆಧಾರ್ ಜೆರಾಕ್ಸ್ ತರಲೇ ಎಂದು ಕೇಳಿದೆ. ಬೇಡವಂತೆ, ನನ್ನವು ನಾಲ್ಕು ಪ್ರತಿ ಅವರ ಫೈಲಿನಲ್ಲೇ ಇವೆ.