ಸರ್, ಇನ್ನೆರಡೇ ಸ್ಲೈಡ್!

ಪಿಎಚ್‌.ಡಿ. ಎಲ್ಲಿಗೆ ಬಂತು ಅಂತ ಕೇಳೋದಿಲ್ಲ, ಹೆದರಬೇಡ್ರಿ. ಮದುವೆ ಮನೆಯಲ್ಲಿ, ತೋರಣಗಲ್ಲು ಸ್ಟೇಷನ್ನಿನಲ್ಲಿ, ಕುರೆಕುಪ್ಪದ ಚಹಾ ಅಂಗಡಿ ಮುಂದೆ ಎಲ್ಲರೂ ಅದನ್ನೇ ಕೇಳಿ ಕೇಳಿ ನಿಮ್ಮ ಜೀವ ತಿಂದಿದ್ದಾರೆ. ನಾನು ಕೇಳೋದು ಬೇರೆ. ಇಷ್ಟು ವರ್ಷದಿಂದ ಹುಡುಕ್ತಿದ್ದೀರಲ್ಲ, ಸಿಕ್ಕಿದ್ದೇನು? ಒಂದೇ ವಾಕ್ಯದಲ್ಲಿ ಹೇಳ್ರಿ ನೋಡೋಣ.

ನೋಡಿದ್ರಾ, ಶುರು ಆಯ್ತು. "ಅದು ಹಂಗಲ್ರೀ, ಮೊದಲು ಪರಿಕಲ್ಪನೆ ಹೇಳ್ಬೇಕಾಗ್ತದೆ..." ನಿಮ್ಮ ಅವ್ವ ರೊಟ್ಟಿ ಬಡೀತಾ "ಏನ್ ಹುಡುಕಾಕತ್ತಿ ಮಗಾ?" ಅಂದಾಗಲೂ ಇದೇ ಕತೆ. "ನಿನಗ ತಿಳಿಯಂಗಿಲ್ಲ ಬಿಡವ್ವ" ಅಂತ ಮೊಬೈಲ್ ತೆಗೀತೀರಿ. (ತಿಳಿಯದೇ ಇರೋದು ಯಾರಿಗೆ ಅನ್ನೋದು ನಮ್ಮಿಬ್ಬರಲ್ಲೇ ಇರ್ಲಿ. ಗೈಡಿಗೆ ಹೇಳೋದಿಲ್ಲ.)

ಸಂಡೂರು ಸೀಮೆಯವರು ನೀವು, ಗಣಿ ಕೆಲಸ ನಿಮಗೆ ಹೇಳಿಕೊಡಬೇಕಾ? ಅದಿರು ಸಿಗಬೇಕಾದ್ರೆ ಮೇಲಿನ ಮಣ್ಣು-ಕಲ್ಲು ತೆಗೀಬೇಕು. ಓವರ್‌ಬರ್ಡನ್ ಅಂತಾರೆ. ತೆಗೆದದ್ದನ್ನ ಪಕ್ಕದಲ್ಲಿ ಡಂಪ್ ಮಾಡ್ತಾರೆ. ಅದನ್ನೇ ಲಾರಿಗೆ ತುಂಬಿ ಫ್ಯಾಕ್ಟರಿಗೆ ಒಯ್ದರೆ ಗೇಟಲ್ಲೇ ವಾಪಸ್. ನಿಮ್ಮ ಪ್ರಬಂಧದ ಮೊದಲ ಎರಡು ಅಧ್ಯಾಯ ನೋಡ್ಕೊಳ್ರಿ, ಅಲ್ಲಿರೋದು ಅದಿರಾ, ಮಣ್ಣಾ?

ಬಳ್ಳಾರಿ ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ಮಳೆ ಪ್ರಮಾಣ, ಮಣ್ಣಿನ ಬಗೆ, ತುಂಗಭದ್ರಾ ಡ್ಯಾಮಿಗೆ 33 ಗೇಟು. ವಿಷಯ ಯಾವುದು? ಲಂಬಾಣಿ ಕಸೂತಿ! ಸೂಜಿಗೂ ಡ್ಯಾಮಿನ ಗೇಟಿಗೂ ಏನ್ರೀ ಸಂಬಂಧ? ಅಷ್ಟೂ ಬರೆದು ಉಸಿರು ಬಿಡೋ ಹೊತ್ತಿಗೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯ್ತು. ಹೊಸಪೇಟೆ ಆ ಕಡೆ, ಸಂಡೂರು-ಕಂಪ್ಲಿ ಈ ಕಡೆ. ಅಧ್ಯಾಯ ಪೂರ್ತಿ ತಿದ್ದೋ ಯೋಗ ನಿಮಗೆ. (ಸರ್ಕಾರದ ಮೇಲೆ ಸಿಟ್ಟಾದ್ರಿ. ಕಸೂತಿಯ ಒಂದು ಎಳೆಯೂ ಅಲುಗಿರಲಿಲ್ಲ, ಗಮನಿಸಿದ್ರಾ?)

ಇನ್ನು ಶೀರ್ಷಿಕೆ. ಕೊನೆಗೊಂದು ಕೋಲನ್ ಹಾಕಿ "ಒಂದು ಅಧ್ಯಯನ" ಅಂತ ಬಾಲ ಅಂಟಿಸದಿದ್ರೆ ನಿಮಗೆ ನಿದ್ದೆ ಬರೋದಿಲ್ಲ. ಒಂದೇ ಅಂತ ಗೊತ್ತು ಬಿಡ್ರಿ, ಎರಡು ಮಾಡೋ ತಾಕತ್ತು ಯಾರಿಗಿದೆ! (ಸಂಶೋಧಕ ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಅಂತ ಇಡಲಿಲ್ವಾ ಅಂತ ವಾದಕ್ಕೆ ಬರ್ತೀರಿ. ಇಟ್ರು. 1966ರಲ್ಲಿ ಅಚ್ಚಾದದ್ದನ್ನ ಜನ ಇವತ್ತಿಗೂ ಓದ್ತಾರೆ. ನಿಮ್ಮದನ್ನ ನಿಮ್ಮ ಗೈಡಾದ್ರೂ ಪೂರ್ತಿ ಓದಿದ್ದಾರಾ, ಮೆಲ್ಲಗೆ ವಿಚಾರಿಸ್ರಿ.)

ಶೀರ್ಷಿಕೆ ಇಡೋದು ಹೆಂಗೆ ಅಂತ ಕಲಿಯೋಕೆ ದೂರ ಹೋಗೋದು ಬೇಡ. ಕುರೆಕುಪ್ಪದಿಂದ ಬಳ್ಳಾರಿ ಕಡೆ ಹೊರಟ್ರೆ ಕುಡತಿನಿ ಸಿಗ್ತದಲ್ಲ, ಅಲ್ಲೊಂದು ಬೂದಿ ದಿಬ್ಬ ಇದೆ. ಅದರ ಮುಂದೆ ಎಷ್ಟು ಸಲ ಬಸ್ಸಲ್ಲಿ ತೂಕಡಿಸ್ತಾ ಹೋಗಿಲ್ಲ ನೀವು! ಈ ಸೀಮೆಯಲ್ಲಿ ಅಂಥವು ಇನ್ನೂ ಇವೆ. ಹಂಪಿ ಹತ್ರ ನಿಂಬಾಪುರದಲ್ಲಿರೋದನ್ನ ವಾಲಿಯನ್ನ ಸುಟ್ಟ ಬೂದಿ ಅಂತಲೇ ಜನ ತೋರಿಸ್ತಾರೆ.

ಬ್ರಿಟಿಷರ ಕಾಲದ ಪಂಡಿತರಿಗೂ ಇದು ತಲೆನೋವು. ಇಷ್ಟು ಬೂದಿ ಬಂದದ್ದೆಲ್ಲಿಂದ? 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ದೊಡ್ಡ ಗ್ರಂಥ ಹೊರತಂದ ರಾಬರ್ಟ್ ಬ್ರೂಸ್ ಫೂಟ್, ಇದು ನವಶಿಲಾಯುಗದ ಜನ ಸುಟ್ಟ ಸಗಣಿ ಅಂದ. ವಿಜಯನಗರವನ್ನ 'ಮರೆತುಹೋದ ಸಾಮ್ರಾಜ್ಯ' ಅಂತ ಕರೆದು ಪುಸ್ತಕ ಬರೆದ ರಾಬರ್ಟ್ ಸಿವೆಲ್, ಅಷ್ಟು ಹಳೇದೇನಲ್ಲ, ಮಧ್ಯಕಾಲದ್ದು ಅಂತ 1899ರಲ್ಲಿ ವಾದ ಹೂಡಿದ. ಒಬ್ಬ ರಾಬರ್ಟ್ ಗೆಲ್ಲಬೇಕು, ಒಬ್ಬ ರಾಬರ್ಟ್ ಸೋಲಬೇಕು. ಮಜಾ ಅಂದ್ರೆ ಇಬ್ಬರ ಮಾತೂ ಸ್ಪಷ್ಟ. ಹಾಗಾಗೇ ಜಗಳ ಮುಂದಕ್ಕೆ ಹೋಯ್ತು.

ಆಮೇಲೆ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಬಂದ. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದ. ಬೂದಿ ಪದರಗಳಲ್ಲಿ ಏನು ಸಿಕ್ತು ಗೊತ್ತಾ? ದನದ ಗೊರಸಿನ ಗುರುತು! ಸುತ್ತ ಬೇಲಿಗೆ ಕಂಬ ನೆಟ್ಟ ಕುಣಿಗಳು. ಅಂದ್ರೆ ಅದು ದನದ ದೊಡ್ಡಿ. 1963ರಲ್ಲಿ ಬಂದ ಅವನ ಪುಸ್ತಕದ ಹೆಸರು ಇಂಗ್ಲಿಷಿನಲ್ಲಿ 'ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳು' ಅಂತ. ಹೊದಿಕೆ ಮೇಲೇ ಉತ್ತರ! ದಖನ್ನಿನ ಬೂದಿ ದಿಬ್ಬಗಳ ಅಧ್ಯಯನ ಅನ್ನೋ ಮಾತು ಉಪಶೀರ್ಷಿಕೆಯಲ್ಲಿ ತೆಪ್ಪಗೆ ಕೂತಿದೆ.

ನೀವಾಗಿದ್ರೆ? "ಕುಡತಿನಿ ಪರಿಸರದ ಬೂದಿ ದಿಬ್ಬಗಳು: ಒಂದು ಬಹುಶಿಸ್ತೀಯ ಅಧ್ಯಯನ". ಗೊರಸಿನ ಗುರುತು ಐದನೇ ಅಧ್ಯಾಯದಲ್ಲಿ, ಅದೂ ಅಡಿಟಿಪ್ಪಣಿಯಲ್ಲಿ, "ಕೆಲವು ಗುರುತುಗಳು ಕಂಡುಬರುತ್ತವೆ ಎಂದು ಹೇಳಬಹುದಾಗಿದೆ". ಸುಳ್ಳಾ ಹೇಳ್ರಿ?

ಈ "ಹೇಳಬಹುದಾಗಿದೆ" ನಿಮಗೆ ಎಲ್ಲಿ ಗಂಟು ಬಿತ್ತೋ! ಹೇಳೋರು ಯಾರು? ಬಿಸಿಲಲ್ಲಿ ಸುಶೀಲಾನಗರದ ತಾಂಡಾ ಅಲೆದದ್ದು ನೀವು. ಅಜ್ಜಿಯರ ಪಕ್ಕ ಕೂತು ಒಂದೊಂದು ಹೊಲಿಗೆಯ ಹೆಸರು ಬರ್ಕೊಂಡದ್ದು ನೀವು. ಬರೆಯೋಕೆ ಕೂತ ಕೂಡ್ಲೇ ನೀವೇ ನಾಪತ್ತೆ! "ಕ್ಷೇತ್ರಕಾರ್ಯ ಕೈಗೊಳ್ಳಲಾಯಿತು, ಮಾಹಿತಿ ಸಂಗ್ರಹಿಸಲಾಯಿತು." ಯಾರೋ ಕಳ್ಳರು ಬಂದು ಸಂಗ್ರಹಿಸಿ ಹೋದಂಗಿದೆ.

ಇದೇ ಕತೆಯನ್ನ ವಗ್ಗಾಣಿ-ಮಿರ್ಚಿ ತಿಂತಾ ನಮಗೆ ಹೇಳ್ತೀರಲ್ಲ, ಆಗೆಷ್ಟು ಚಂದ! ಅಜ್ಜಿ ಹೆಂಗೆ ಗದರಿಸಿದ್ಲು, ಹಳೇ ಪೇಟಿಯಾ ಲಂಗ ತೋರಿಸೋಕೆ ಯಾಕೆ ಹಿಂದೇಟು ಹಾಕಿದ್ಲು, ಕೊನೆಗೆ ಏನು ತಿಳೀತು, ಎಲ್ಲಾ ಸರಿಯಾದ ಕ್ರಮದಲ್ಲಿ ಬರ್ತದೆ. ಅದನ್ನೇ ಬರೀರಿ ಅಂದ್ರೆ ಮುಖ ಸಿಂಡರಿಸಿ "ಅಕಡೆಮಿಕ್ ಆಗಲ್ರೀ" ಅಂತೀರಿ. ಫ್ರಾನ್ಸಿನ ಚಿಂತಕ ಫೂಕೋನನ್ನ ಕರ್ಕೊಂಡು ಬಂದು ತಾಂಡಾದ ನಡುವೆ ನಿಲ್ಲಿಸ್ತೀರಿ. ಪಾಪ, ತನ್ನನ್ನ ಯಾಕೆ ಕರೆದ್ರು ಅಂತ ಅವನಿಗೇ ಗೊತ್ತಾಗೋದಿಲ್ಲ.

ಕಮಲಾಪುರದ ಹತ್ರ ವಿದ್ಯಾರಣ್ಯದಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಕನ್ನಡದ ವಿದ್ಯೆ ಕನ್ನಡದಲ್ಲೇ ಬೆಳೀಲಿ ಅನ್ನೋದು ಅದರ ಆಸೆ. ಅಲ್ಲಿಗೇ ಬಸ್ಸು ಹತ್ತಿ ಹೋಗಿ, ಬಂದು, ನೀವು ಬರೆಯೋ ಕನ್ನಡ ಮಾತ್ರ ಇಂಗ್ಲಿಷ್ ಬಲ್ಲವರಿಗೂ ತಿಳಿಯಲ್ಲ, ಕನ್ನಡ ಬಲ್ಲವರಿಗೂ ತಿಳಿಯಲ್ಲ. ಬರೆದದ್ದನ್ನ ಒಂದು ಪುಟ ಗಟ್ಟಿಯಾಗಿ ಓದಿ ನೋಡ್ರಿ. ಎಲ್ಲಿ ಉಸಿರು ಕಟ್ಟುತ್ತೋ ಅಲ್ಲಿ ಫುಲ್‌ಸ್ಟಾಪ್ ಹಾಕ್ರಿ. ಇದಕ್ಕೆ ಯಾವ ಕಾರ್ಯಾಗಾರವೂ ಬೇಕಾಗಿಲ್ಲ.

(ಬರೆಯೋಕೆ ಕೂತ್ರೆ ತಾನೇ ಅಂತೀರಾ? ಅದೂ ಸರಿ. ಟೇಬಲ್ ಒರೆಸೋದು, ಫಾಂಟ್ ಬದಲಿಸೋದು, ಹೊಸಪೇಟೆಗೆ ಹೋಗಿ ಹೊಸ ಫೈಲ್ ತರೋದು, "ಇನ್ನೊಂದಿಷ್ಟು ಡೇಟಾ ಬೇಕು" ಅನ್ನೋದು. ಡೇಟಾ ಸಾಕಾಗಿದೆ ರೀ. ಗೋದ್ರೆಜ್ ಬೀರುವಿನ ಬಾಗಿಲು ಹಾಕೋಕೆ ಬರ್ತಿಲ್ಲ.)

ಬೇರೆಯವರದ್ದನ್ನ ಎತ್ತಿ ಬರೆಯೋ ಆಸೆ ಇದ್ರೆ ಈಗಲೇ ಬಿಡ್ರಿ. ಯುಜಿಸಿ 2018ರ ನಿಯಮದಲ್ಲಿ ಶೇ. 10ರವರೆಗೆ ಹೋಲಿಕೆ ಮಾಫಿ. 10ರಿಂದ 40 ಆದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿದ್ರೆ ಒಂದು ವರ್ಷ ಕೊಡಂಗೇ ಇಲ್ಲ. 60 ದಾಟಿದ್ರೆ ನೋಂದಣಿಯೇ ರದ್ದು. ಸಿಕ್ಕಿ ಬೀಳದೆ ಪಾರಾದ್ರೂ ಪ್ರಬಂಧ ಹೋಗಿ ಕೂರೋದು ಶೋಧಗಂಗಾ ಅನ್ನೋ ಆನ್‌ಲೈನ್ ಭಂಡಾರದಲ್ಲಿ. ಅಲ್ಲಿ ಯಾರು ಬೇಕಾದ್ರೂ ತೆರೆದು ನೋಡಬಹುದು, ನಿಮ್ಮ ಪಕ್ಕದ ಮನೆಯ ದಾಯಾದಿಯೂ ಸೇರಿ.

ಈಗ ಬರ್ರಿ, ವಿಚಾರ ಸಂಕಿರಣಕ್ಕೆ ಹೋಗೋಣ. ಹಿಂದೆ, ಯುಜಿಸಿಯ 2016ರ ನಿಯಮದಲ್ಲಿ, ಪ್ರಬಂಧ ಕೊಡೋ ಮುಂಚೆ ಒಂದು ಲೇಖನ ಅಚ್ಚಾಗಬೇಕು, ಎರಡು ಕಡೆ ಮಂಡಿಸಬೇಕು ಅಂತಿತ್ತು. 2022ರಲ್ಲಿ ಆ ಕಡ್ಡಾಯ ತೆಗೆದ್ರು. ನಿಯಮ ಹೋಯ್ತು, ಚಟ ಹೋಗಲಿಲ್ಲ. ಬೆಳಿಗ್ಗೆ ಬ್ಯಾಗು-ಪ್ಯಾಡು, ಮಧ್ಯಾಹ್ನ ಊಟದ ಕೂಪನ್ನು, ಸಂಜೆ ಸರ್ಟಿಫಿಕೇಟು. ನಡುವೆ ಮಂಡನೆ ಅಂತ ಒಂದು ಕಿರಿಕಿರಿ.

ಹದಿನೈದು ನಿಮಿಷಕ್ಕೆ ನಲವತ್ತು ಸ್ಲೈಡ್ ಹಿಡ್ಕೊಂಡು ಏಳ್ತೀರಿ. ವೇದಿಕೆ ಮೇಲಿನ ಗಣ್ಯರು, ಕೆಳಗಿನ ಗಣ್ಯರು, ಗಣ್ಯರಾಗಲಿರೋರು, ಎಲ್ಲರ ಹೆಸರು ಹೇಳಿ ಮುಗಿಸೋದರಲ್ಲೇ ಮೂರು ನಿಮಿಷ. ಆಮೇಲೆ ಸಭೆಗೆ ಬೆನ್ನು ತಿರುಗಿಸಿ ಗೋಡೆ ಮೇಲಿನದನ್ನ ಓದೋದು. ನಮಗೆ ಓದೋಕೆ ಬರಲ್ವಾ? (ಬರ್ತದೆ, ಆದ್ರೆ ಕೊನೇ ಸಾಲಿನಲ್ಲಿ ಕೂತವರಿಗೆ ಆ ಅಕ್ಷರ ಇರುವೆ ಸಾಲಿನಷ್ಟೇ ಕಾಣೋದು.)

ಅದೂ ಅಕ್ಷರ ಸರಿ ಮೂಡಿದ್ರೆ! ಮನೆಯಲ್ಲಿ ನುಡಿ ಫಾಂಟಿನಲ್ಲಿ ಮಾಡಿದ ಪಿಪಿಟಿ, ಅಲ್ಲಿನ ಕಂಪ್ಯೂಟರಿನಲ್ಲಿ ನುಡಿ ಇಲ್ಲ. "ಕನ್ನಡ" ಅಂತ ಟೈಪ್ ಮಾಡಿದ ಜಾಗದಲ್ಲಿ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರ, ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಸಭೆ ಮುಸಿಮುಸಿ ನಗ್ತದೆ. ನೀವು ಆಪರೇಟರ್ ಹುಡುಗನ ಮುಖ ನೋಡ್ತೀರಿ, ಅವನು ಸೀಲಿಂಗ್ ಫ್ಯಾನ್ ನೋಡ್ತಾನೆ. ಯೂನಿಕೋಡ್ ಬಂದು ಎಷ್ಟು ಕಾಲ ಆಯ್ತು? ಅದರಲ್ಲಿ ಟೈಪ್ ಮಾಡ್ರಿ, ಪಿಡಿಎಫ್ ಒಂದು ಜೊತೆಗಿಟ್ಕೊಳ್ರಿ, ಮುಗೀತು.

ಅಷ್ಟರಲ್ಲಿ ಅಧ್ಯಕ್ಷರು ಚೀಟಿ ಕಳಿಸ್ತಾರೆ. ನೋಡದಂಗೆ ಜೇಬಿಗೆ ಹಾಕ್ಕೊಂತೀರಿ. ಬೆಲ್ ಹೊಡೀತಾರೆ. "ಸರ್, ಇನ್ನೆರಡೇ ಸ್ಲೈಡ್!" ಆಮೇಲೆ ಆರು ಸ್ಲೈಡು ರೈಲಿನ ಬೋಗಿ ಓಡಿದಂಗೆ ಓಡ್ತಾವೆ. ಆ ಆರರಲ್ಲೇ ಇರ್ತದೆ ನೋಡ್ರಿ ನಿಮ್ಮ ಅಸಲಿ ಶೋಧ! ವರ್ಷಗಟ್ಟಲೆ ಬೆವರು ಹರಿಸಿ ಕಂಡದ್ದನ್ನ ಯಾರೂ ಕಾಣಲಿಲ್ಲ. ಮಳೆ ಪ್ರಮಾಣ ಮಾತ್ರ ಎಲ್ಲರಿಗೂ ಬಾಯಿಪಾಠ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಶುರು ಮಾಡ್ತು. ಸಂಶೋಧಕರಿಗೆ ಮೂರೇ ನಿಮಿಷ, ಒಂದೇ ಸ್ಲೈಡು. ಹಾರೋ ಕುಣಿಯೋ ಚಿತ್ರ ಹಾಕಂಗಿಲ್ಲ, ಮೂರು ನಿಮಿಷ ದಾಟಿದ್ರೆ ಔಟ್. ಆ ವಿಷಯ ಗೊತ್ತಿಲ್ಲದವರಿಗೂ ತಿಳಿಯೋ ಹಂಗೆ ಹೇಳಬೇಕು. ಈಗ ಎಷ್ಟೋ ದೇಶಗಳಲ್ಲಿ ನಡೀತದೆ. ನೀವು ಅಲ್ಲಿಗೆ ಹೋದ್ರೆ ಗಣ್ಯರ ಹೆಸರು ಹೇಳ್ತಿದ್ದಂಗೇ ಔಟಾಗಿ ಬರ್ತೀರಿ. ಸರ್ಟಿಫಿಕೇಟೂ ಸಿಗಲ್ಲ.

ನಗಬೇಡ್ರಿ, ಇದನ್ನ ಕುರೆಕುಪ್ಪದಲ್ಲೇ ಮಾಡಬಹುದು. ಹೊಸಪೇಟೆ ಬಸ್ಸಲ್ಲಿ ಪಕ್ಕ ಕೂತವರು "ಏನ್ ಮಾಡ್ಕೊಂಡಿದ್ದೀರಿ?" ಅಂತ ಕೇಳೇ ಕೇಳ್ತಾರಲ್ಲ. ಆಗ ಪಿಎಚ್‌.ಡಿ. ಅಂತ ಹೇಳಿ ಕಿಟಕಿ ಕಡೆ ತಿರುಗಬೇಡ್ರಿ. ಮೂರು ನಿಮಿಷದಲ್ಲಿ ಹೇಳ್ರಿ. ಅವರು ಇನ್ನೊಂದು ಪ್ರಶ್ನೆ ಕೇಳಿದ್ರೆ ನೀವು ಪಾಸು. "ಹೌದೇನು..." ಅಂತ ಇಯರ್‌ಫೋನ್ ಹಾಕ್ಕೊಂಡ್ರೆ ಎಲ್ಲೋ ಓವರ್‌ಬರ್ಡನ್ ಉಳಿದಿದೆ ಅಂತ ಅರ್ಥ. (ವಾಪಸ್ ಬರೋವಾಗ ಬೇರೆ ಬಲಿ ಹುಡುಕ್ಕೊಳ್ರಿ.)

ಪ್ರಶ್ನೆ ಕೇಳಿದ್ರೆ ನಿಮಗೆ ಜ್ವರ ಬರ್ತದೆ, ಅದೂ ಗೊತ್ತು. "ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರೋದಿಲ್ಲ ಸರ್" ಅನ್ನೋ ಕೊಡೆ ಬಿಚ್ಚಿ ನಿಂತ್ಕೊಂತೀರಿ. ಗೊತ್ತಿದ್ರೆ ಹೇಳ್ರಿ, ಇಲ್ಲಾಂದ್ರೆ ಗೊತ್ತಿಲ್ಲ ಅನ್ರಿ. ವೈವಾ ದಿನ ಹೊರಗಿನ ಪರೀಕ್ಷಕರು ಬಂದಿರೋದು ನಿಮ್ಮನ್ನ ಬೀಳಿಸೋಕಲ್ಲ. ಅವರಿಗೂ ಸಂಜೆ ರೈಲಿದೆ. ಮುಖ್ಯ ಮಾತು ಚಟ್ಟನೆ ಹೇಳಿದ್ರೆ ಅವರೂ ಖುಷಿ. ಹಿಂದಿನ ಸಾಲಲ್ಲಿ ಊಟಕ್ಕೆ ಕಾಯ್ತಾ ಕೂತಿರೋ ನಿಮ್ಮ ಸೋದರಮಾವನೂ ಖುಷಿ.

ಮುಂದಿನ ತಿಂಗಳು ಕೊಲೋಕಿಯಂ, ಅದೇ ಪ್ರಬಂಧ ಕೊಡೋ ಮುಂಚಿನ ಮಂಡನೆ, ಅಂದ್ರಲ್ಲ? ಹಂಗಾದ್ರೆ ಇವತ್ತು ರಾತ್ರಿ ಆ ಕೊನೆಯ ಆರು ಸ್ಲೈಡನ್ನ ಎತ್ತಿ ಮೊದಲಿಗೆ ಹಾಕ್ರಿ. ಡ್ಯಾಮಿನ ಗೇಟುಗಳನ್ನ ನೀರಾವರಿ ಇಲಾಖೆಗೆ ಬಿಟ್ಟುಬಿಡ್ರಿ. ಮತ್ತೆ ಕೃತಜ್ಞತೆಯ ಪುಟದಲ್ಲಿ ದಯವಿಟ್ಟು ನನ್ನ ಹೆಸರು ಸೇರಿಸಬೇಡ್ರಿ. ಈಗಾಗಲೇ ಅದು ನಿಮ್ಮ ಉಪಸಂಹಾರಕ್ಕಿಂತ ಉದ್ದ ಆಗಿದೆ.