ಮೇರಿಗೆ ಬಿಡುಗಡೆಯಿಲ್ಲ

ಮನಸ್ಸೆಂದರೇನು ಎಂದು ತಿಳಿಯಬೇಕಾದರೆ ಮೊದಲು ಯಾರನ್ನಾದರೂ ಹಿಡಿದು ಕೋಣೆಯಲ್ಲಿ ಕೂಡಿಹಾಕಬೇಕು. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ವಿಶ್ವವಿದ್ಯಾಲಯಗಳಲ್ಲಿ ‘ಫಿಲಾಸಫಿ ಆಫ್ ಮೈಂಡ್’ ಆರಂಭಿಕ ಕೋರ್ಸಿಗೆ ಸೇರಿದ ಹುಡುಗರಿಗೆ ತಿಂಗಳೊಳಗೇ ಮನದಟ್ಟಾಗುವ ಸಂಗತಿ ಇದು.

ಮೇರಿಯನ್ನೇ ನೋಡಿ. ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಫ್ರಾಂಕ್ ಜಾಕ್ಸನ್ 1982ರಲ್ಲಿ ಈಕೆಯನ್ನು ಕಪ್ಪು-ಬಿಳುಪು ಕೋಣೆಯೊಳಗಿಟ್ಟು ಬೀಗ ಜಡಿದರು. ಬಣ್ಣದ ವಿಜ್ಞಾನವನ್ನೆಲ್ಲ ಆಕೆ ಕಪ್ಪು-ಬಿಳುಪು ಟೀವಿ ನೋಡಿಯೇ ಅರೆದು ಕುಡಿದಿದ್ದಾಳೆ. ಹೊರಗೆ ಬಂದು ಮಾಗಿದ ಟೊಮೇಟೊ ಕಂಡರೆ ಹೊಸದೇನಾದರೂ ಕಲಿಯುತ್ತಾಳೋ, ಇಲ್ಲವೋ? ಕಲಿತರೆ, ಭೌತವಿಜ್ಞಾನದ ಲೆಕ್ಕಕ್ಕೆ ಸಿಗದ ಏನೋ ಒಂದು ಬಾಕಿ ಉಳಿಯಿತು ಎಂದು ವಾದ. ಅವಳಿಗೆ ಊಟ ಕೊಟ್ಟವರು ಯಾರು, ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿದ್ದರೆ ರಕ್ತ ಯಾವ ಬಣ್ಣ ಕಾಣುತ್ತಿತ್ತು ಎಂದು ಹಿಂದಿನ ಬೆಂಚಿನವನು ಕೇಳಿದರೆ ಮೇಷ್ಟ್ರು ಮುಗುಳ್ನಕ್ಕು, ಅದು ಮುಖ್ಯವಲ್ಲ ಎನ್ನುತ್ತಾರೆ. ತಮಾಷೆಯೆಂದರೆ, ಜಾಕ್ಸನ್ ಆಮೇಲೆ ಮನಸ್ಸು ಬದಲಿಸಿ ಆ ವಾದವನ್ನೇ ಕೈಬಿಟ್ಟರು. ದೂರು ಕೊಟ್ಟವರೇ ಕೇಸು ವಾಪಸು ತೆಗೆದುಕೊಂಡ ಮೇಲೂ ಮೇರಿಗೆ ಬಿಡುಗಡೆಯಿಲ್ಲ. ಪ್ರತಿ ಸೆಮಿಸ್ಟರಿಗೂ ಹೊಸದಾಗಿ ಒಳಗೆ ಹಾಕುತ್ತಾರೆ.

ಜಾನ್ ಸರ್ಲ್ 1980ರಲ್ಲಿ ತಮ್ಮನ್ನು ತಾವೇ ಕೂಡಿಹಾಕಿಕೊಂಡು, ತಮಗೆ ಗೊತ್ತಿಲ್ಲದ ಚೀನೀ ಅಕ್ಷರಗಳನ್ನು ನಿಯಮಪುಸ್ತಕ ನೋಡಿ ಜೋಡಿಸಿ ಹೊರಗೆ ತಳ್ಳುತ್ತ ಕೂತರು. ಹಿಲರಿ ಪಟ್ನಮ್ ಬರೀ ಮಿದುಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟರು. ಡೇವಿಡ್ ಚಾಮರ್ಸ್ ಕೈಗೆ ಬರುವ ಹೊತ್ತಿಗೆ ಮನುಷ್ಯನ ಒಳಗೆ ಯಾರೂ ಇಲ್ಲ: ಮಾತಾಡುತ್ತಾನೆ, ಕಾಫಿ ಕುಡಿಯುತ್ತಾನೆ, ಅನುಭವ ಮಾತ್ರ ಸೊನ್ನೆ. ಇವನ ಹೆಸರು ಜಾಂಬಿ. (ಇಂಥವರನ್ನು ಕಾಣಲು ಕಲ್ಪನೆ ಯಾಕೆ, ವಿಭಾಗದ ಸಿಬ್ಬಂದಿ ಸಭೆ ಸಾಲದೇ ಎನ್ನಬೇಡಿ.)

ಇನ್ನು ನೋವು. ನೋವೆಂದರೆ ಸಿ-ಫೈಬರುಗಳೆಂಬ ನರತಂತುಗಳ ಚಟುವಟಿಕೆ ಎಂದು ಬೋರ್ಡಿನ ಮೇಲೆ ಬರೆದಾಗಿದೆ. ಸೂಜಿ ಚುಚ್ಚಿದೊಡನೆ ಚುಳ್ಳೆನ್ನಿಸುವುದು ಎ-ಡೆಲ್ಟಾ ನರತಂತುಗಳು, ಹಿಂದೆಯೇ ಬರುವ ಮಂದ ಉರಿಯಷ್ಟೇ ಸಿ ತಂತುಗಳದ್ದು. ಇದು ನರ್ಸಿಂಗ್ ಓದುವ ಹುಡುಗಿಗೂ ಗೊತ್ತು. ಉದಾಹರಣೆಗೆ ಹೇಳಿದ್ದಷ್ಟೇ ಎಂದು ತತ್ತ್ವಶಾಸ್ತ್ರದವರ ಸಮಜಾಯಿಷಿ. ಉದಾಹರಣೆಗಾದರೂ ಸರಿಯಾದ ನರ ಹಿಡಿಯಬಹುದಿತ್ತು.

ಈ ಕಟ್ಟುಕತೆಯ ಕೈದಿಗಳ ನಡುವೆ ರಕ್ತಮಾಂಸದ ಒಬ್ಬಳಿದ್ದಾಳೆ. ಅವಳಿಗೆ ಸಿಗುವುದು ಅಡಿಟಿಪ್ಪಣಿ. ಬೊಹೀಮಿಯಾದ ಎಲಿಸಬೆತ್. ಅಪ್ಪ ರಾಜ್ಯ ಕಳೆದುಕೊಂಡು ಮನೆತನವೆಲ್ಲ ಹೇಗ್ ನಗರದಲ್ಲಿ ಆಶ್ರಯ ಪಡೆದಿದ್ದ ಕಾಲ. 1643ರ ಮೇ ತಿಂಗಳಲ್ಲಿ, 24ರ ಹರೆಯದ ಈ ರಾಜಕುಮಾರಿ, ಆತ್ಮವೇ ಬೇರೆ ದೇಹವೇ ಬೇರೆ ಎನ್ನುತ್ತಿದ್ದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ಗೆ ಕಾಗದ ಬರೆದು ಕೇಳಿದಳು: ಆಕಾರವಿಲ್ಲದ, ಏನನ್ನೂ ಮುಟ್ಟಲಾರದ ಆತ್ಮ ದೇಹವನ್ನು ಅಲ್ಲಾಡಿಸುವುದು ಹೇಗೆ? ಅವನು ವಸ್ತುವಿನ ಭಾರದ ಉದಾಹರಣೆ ಕೊಟ್ಟು ಸುತ್ತಿಬಳಸಿದ. ಇವಳು ಬಿಡಲಿಲ್ಲ, ಇದನ್ನು ನಂಬುವುದಕ್ಕಿಂತ ಆತ್ಮವೂ ಜಡದ್ರವ್ಯವೇ ಎಂದು ಒಪ್ಪುವುದು ಸುಲಭ ಎಂದಳು. ಆಗ ಪಂಡಿತನ ಉಪದೇಶ: ಬರೀ ಬುದ್ಧಿಯ ಇಂಥ ಚಿಂತನೆಗೆ ನಾನೇ ವರ್ಷಕ್ಕೆ ಕೆಲವು ಗಂಟೆಗಿಂತ ಹೆಚ್ಚು ಕೊಡುವುದಿಲ್ಲ. ಅದೇ ದೆಕಾರ್ತ್ ಹೆಸರು ಹೇಳಿ ಈಗ ವಾರವಾರವೂ ತರಗತಿ, ಶುಲ್ಕ ಡಾಲರಿನಲ್ಲಿ.

1649ರ ಪುಸ್ತಕದಲ್ಲಿ ಅವನು ಮಿದುಳಿನ ಪೀನಿಯಲ್ ಗ್ರಂಥಿಯತ್ತ ಬೆರಳು ತೋರಿಸಿದ. ಹೇಗೆ ಎಂದು ಕೇಳಿದವಳಿಗೆ ಎಲ್ಲಿ ಎಂದು ಉತ್ತರ! ಅಷ್ಟರೊಳಗೆ, 1645ರಲ್ಲಿ, ಎಲಿಸಬೆತ್ ಬಿಡದ ಜ್ವರ, ಒಣಕೆಮ್ಮಿನಿಂದ ನರಳಿ, ಮನೆತನದ ಚಿಂತೆಯೆಲ್ಲ ಮೈಗಿಳಿಯುವ ಬಗೆಯನ್ನು ಅವನಿಗೇ ಬರೆದಿದ್ದಳು. ಮನಸ್ಸು ಮೈಯನ್ನು ತಾಗುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೇನು, ಅವಳನ್ನು ಯಾರೂ ಕಪ್ಪು-ಬಿಳುಪು ಕೋಣೆಯಲ್ಲಿ ಇಟ್ಟಿರಲಿಲ್ಲ. ಹಾಗಾಗಿ ಪರೀಕ್ಷೆಗೆ ಬರುವುದಿಲ್ಲ.

ಕಂಪ್ಯೂಟರ್ ಸೈನ್ಸ್ ಜೊತೆಗೆ ಈ ಕೋರ್ಸನ್ನೂ ಆರಿಸಿಕೊಂಡ ನಮ್ಮ ಹುಡುಗ ಮನೆಗೆ ಫೋನ್ ಮಾಡಿದರೆ, ‘ಇದೆಲ್ಲಾ ನಮ್ಮ ಉಪನಿಷತ್ತಿನಲ್ಲೇ ಇದೆಯಲ್ಲೋ’ ಎನ್ನುವ ದೊಡ್ಡಪ್ಪ ಇದ್ದೇ ಇರುತ್ತಾರೆ. ಯಾವ ಉಪನಿಷತ್ತು ದೊಡ್ಡಪ್ಪ ಎಂದರೆ ಫೋನು ದೊಡ್ಡಮ್ಮನ ಕೈಗೆ ಹೋಗುತ್ತದೆ.

ಕೊನೆಗೆ ಪ್ರಬಂಧ. ಸರ್ಲ್ ಅವರ ಕೋಣೆಯನ್ನು ಆಧರಿಸಿ, ಯಂತ್ರಕ್ಕೆ ಅರ್ಥವಾಗುತ್ತದೆಯೇ, ಚರ್ಚಿಸಿ. ಹುಡುಗ ಪ್ರಶ್ನೆಯನ್ನು ಹಾಗೇ ಚಾಟ್‌ಜಿಪಿಟಿಗೆ ಹಾಕಿ, ಬಂದದ್ದನ್ನು ಓದದೆ ಕಳಿಸುತ್ತಾನೆ. ಯಂತ್ರಕ್ಕೆ ಏನೇನೂ ಅರ್ಥವಾಗುವುದಿಲ್ಲ ಎಂದು ಯಂತ್ರವೇ ಅಚ್ಚುಕಟ್ಟಾಗಿ ವಾದಿಸಿರುತ್ತದೆ. ತನಗೆ ತಿಳಿಯದ ಅಕ್ಷರಗಳನ್ನು ಈ ಕಿಂಡಿಯಲ್ಲಿ ತೆಗೆದುಕೊಂಡು ಆ ಕಿಂಡಿಯಲ್ಲಿ ಕೊಟ್ಟವನು ಯಾರೆಂದು ಮೇಷ್ಟ್ರಿಗೂ ಅನುಮಾನ. ಆದರೆ ಹೊರಗೆ ಬಂದ ಉತ್ತರ ನೋಡಿ ಒಳಗಿದ್ದವನಿಗೆ ಅರ್ಥವಾಗಿದೆಯೋ ಇಲ್ಲವೋ ಹೇಳಲಾಗದು ಎಂದು ಆರನೇ ವಾರ ಪಾಠ ಮಾಡಿದವರು ಅವರೇ. ಎ ಮೈನಸ್ ಹಾಕಿ ಮುಂದಿನದನ್ನು ತೆರೆಯುತ್ತಾರೆ. ಅದರಲ್ಲೂ ಮೊದಲ ಪ್ಯಾರಾ ಅದೇ.