ಗೂಬೆ ಕೂರಿಸಿದ್ದು

ಪಾರಿವಾಳ ಮೂಲತಃ ಬಂಡೆಯ ಸಂದುಗಳಲ್ಲಿ ಬದುಕುವ ಹಕ್ಕಿ. ಹೊಸೂರು ರಸ್ತೆಯ ಮೇಲ್ಸೇತುವೆ, ಮೆಟ್ರೊ ಹಳದಿ ಮಾರ್ಗದ ಕಂಬಗಳು, ಬೊಮ್ಮನಹಳ್ಳಿಯ ಗಲ್ಲಿಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಐದಂತಸ್ತಿನ ಕಟ್ಟಡಗಳು, ಇವೆಲ್ಲ ಅದರ ಕಣ್ಣಿಗೆ ಸೊಗಸಾದ ಬೆಟ್ಟಸಾಲು. ಆ ಬೆಟ್ಟದ ಮೂರನೇ ಮಹಡಿಯ ಒಂದು ಗುಹೆಗೆ ಇಎಂಐ ಕಟ್ಟುತ್ತಿರುವವನು ನಾನು. ಅದರ ಬಾಲ್ಕನಿಯಲ್ಲಿ ಸಂಸಾರ ಹೂಡಿರುವುದು ಪಾರಿವಾಳಗಳು. ಒಂದು ಸಲಕ್ಕೆ ಎರಡು ಮೊಟ್ಟೆ, ಸುಮಾರು 18 ದಿನ ಕಾವು, ಮರಿ ಹಾರುವ ಹೊತ್ತಿಗೆ ಮತ್ತೆರಡು ಮೊಟ್ಟೆ. ಒಗೆದ ಬಟ್ಟೆ ಅಲ್ಲಿ ಒಣಗಿಸಿದರೆ ಇನ್ನೊಮ್ಮೆ ಒಗೆಯಬೇಕು.

ಇದಕ್ಕೆ ಪ್ಲಾಸ್ಟಿಕ್ ಗೂಬೆಯೇ ಮದ್ದೆಂದು ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಡಬ್ಬ ಬಿಚ್ಚುವ ಮೊದಲೇ ಅಮ್ಮನ ತಕರಾರು. "ಊರಲ್ಲಿ ಗೂಬೆ ಮನೆ ಮೇಲೆ ಕೂತ್ರೆ ಶಾಂತಿ ಮಾಡಿಸ್ತಿದ್ವಿ. ನೀನು ದುಡ್ಡು ಕೊಟ್ಟು ಕರ್ಕೊಂಡು ಬಂದಿದ್ದೀಯಲ್ಲೋ!"

"ಬಂಗಾಳದ ಕಡೆ ಅದು ಲಕ್ಷ್ಮಿಯ ವಾಹನ ಅಮ್ಮಾ."

"ಲಕ್ಷ್ಮಿ ಎಲ್ಲಿ? ಬರೀ ಗಾಡಿ ಬಂದಿದೆ."

ಕೊನೆಗೆ ಗೂಬೆಯ ಮುಖ ಎದುರು ಕಟ್ಟಡದ ಕಡೆಗಿರಬೇಕು, ಅನಿಷ್ಟವೇನಿದ್ದರೂ ಅವರಿಗೇ ಹೋಗಬೇಕು ಎಂಬ ಷರತ್ತಿನ ಮೇಲೆ ರಾಜಿಯಾಯಿತು.

ಡಬ್ಬದೊಳಗೆ ತಲೆ, ಒಡಲು, ಒಂದು ಸ್ಪ್ರಿಂಗು, ಒಂದಷ್ಟು ಸ್ಕ್ರೂ, ಹೊಳೆಯುವ ಕಣ್ಣಿನ ಸ್ಟಿಕ್ಕರು. ಒಡಲು ಟೊಳ್ಳು. ಗಾಳಿಗೆ ಉರುಳದಂತೆ ಅದಕ್ಕೆ ಮರಳು ತುಂಬಬೇಕು. ಪಕ್ಕದ ಸೈಟಿನ ಮೇಸ್ತ್ರಿಯ ಹತ್ತಿರ ಒಂದು ಬೋಗುಣಿ ಎಂ-ಸ್ಯಾಂಡ್ ಕೇಳಿದೆ. "ಏನ್ ಸಾರ್, ಮನೇಲಿ ರಿಪೇರಿನಾ?" ಎಂದ. "ಇಲ್ಲಪ್ಪ, ಗೂಬೆ ಹೊಟ್ಟೆಗೆ" ಎಂದೆ. ಅಂದಿನಿಂದ ಆತ ನನ್ನನ್ನು ಕಂಡರೆ ಫೋನು ಕಿವಿಗೆ ಹಿಡಿಯುತ್ತಾನೆ. ಅರ್ಧ ಮರಳು ಗೂಬೆಗೆ, ಅರ್ಧ ಹಾಲಿನ ನೆಲಕ್ಕೆ ಹೋಯಿತು. ಎಲ್ಲ ಬಿಗಿದ ಮೇಲೆ ನೋಡಿದರೆ ತಲೆ ಹಿಂದುಮುಂದಾಗಿ ಕೂತಿದೆ.

"ಗೂಬೆ ಕತ್ತನ್ನು 270 ಡಿಗ್ರಿ ತಿರುಗಿಸುತ್ತೆ, ಗೊತ್ತಾ?" ಎಂದು ಹೆಂಡತಿಗೆ ವಿಜ್ಞಾನ ಹೇಳಿದೆ.

"ಅದು ತಿರುಗಿಸಿ ವಾಪಸ್ ತರುತ್ತೆ ರೀ" ಎಂದು ಅವಳು ಪೊರಕೆ ಎತ್ತಿಕೊಂಡಳು.

ಗಾಳಿ ಬೀಸಿದಾಗ ಸ್ಪ್ರಿಂಗಿನ ತಲೆ ಅಲ್ಲಾಡಿ ಪಾರಿವಾಳ ಹೆದರಬೇಕು, ಅದು ತಂತ್ರ. ಆದರೆ ಎದುರು ಕಟ್ಟಡಕ್ಕೂ ನಮಗೂ ಮೂರಡಿ ಅಂತರ. ಅಲ್ಲಿ ಗಾಳಿಯೂ ಅಡ್ಡಡ್ಡ ನುಸುಳಬೇಕು. ಒಂದು ಬೆಳಿಗ್ಗೆ ಗಂಡು ಪಾರಿವಾಳವೊಂದು ಗೂಬೆಯ ನೆತ್ತಿಯ ಮೇಲೇ ನಿಂತು ಹೆಂಡತಿಗೆ ನಮಸ್ಕಾರ ಹಾಕುತ್ತಿತ್ತು. ಅದರ ಹೆಂಡತಿಗೆ. ಕಡ್ಡಿಗಳು ಬಂದವು, ಗೂಬೆಯ ಬೆನ್ನ ಹಿಂದೆ, ಬಿಸಿಲು ಬೀಳದ ಜಾಗದಲ್ಲಿ ಗೂಡಾಯಿತು.

ಸಮಾಧಾನಕ್ಕೆಂದು ಹಕ್ಕಿಗಳನ್ನು ಮೋಸ ಮಾಡುವ ವಿದ್ಯೆಯ ಚರಿತ್ರೆ ಓದಿದೆ. ಅಮೆರಿಕದ ನೆವಾಡದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ 11 ಬಾತುಬೊಂಬೆಗಳು ಸಿಕ್ಕವು. ಸುಮಾರು 2000 ವರ್ಷದ ಹಿಂದೆ ಅಲ್ಲಿನ ಮೂಲನಿವಾಸಿಗಳು ಜೊಂಡು ಹೆಣೆದು ಮಾಡಿದವು. ನೀರಿಗೆ ಬಿಟ್ಟರೆ ಮೇಲೆ ಹಾರುವ ಬಾತುಗಳು ನಮ್ಮವರೇ ಕೂತಿದ್ದಾರೆ, ಭಯವಿಲ್ಲ ಎಂದು ಇಳಿಯುತ್ತಿದ್ದವಂತೆ. ನಮ್ಮ ದೇಶದ ಬೇಟೆಗಾರರದು ಇನ್ನೂ ಅಗ್ಗದ ಉಪಾಯ. ಕೆರೆಯಲ್ಲಿ ಮಡಕೆ ತೇಲಿಬಿಡುವುದು, ಬಾತುಗಳಿಗೆ ಅದು ರೂಢಿಯಾದ ಮೇಲೆ ಅಂಥದೇ ಒಂದು ಮಡಕೆಯನ್ನು ತಲೆಗೆ ಕವುಚಿಕೊಂಡು ನೀರಿಗಿಳಿದು ಕಾಲು ಹಿಡಿದು ಎಳೆಯುವುದು. ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ. ಈಗ ಕಾಯ್ದೆ ಇದೆ. ಮಡಿವಾಳ ಕೆರೆಯ ಬಾತುಗಳು ನೆಮ್ಮದಿಯಾಗಿವೆ. ಆದರೆ ಭಯವಿಲ್ಲ ಎಂದು ಹಕ್ಕಿಗೆ ನಂಬಿಸುವ ಆ ಪುರಾತನ ಕಲೆ ನನಗೆ ಪ್ರಯತ್ನವಿಲ್ಲದೆ ಒಲಿದಿತ್ತು.

ಹೆಂಡತಿ ಗೂಬೆಯನ್ನು ತಾರಸಿಗೆ ಗಡಿಪಾರು ಮಾಡಿದಳು. ಅದು ನೀರಿನ ಟ್ಯಾಂಕಿನ ಪಕ್ಕ ಮರೆತುಹೋಯಿತು.

ಮಹಾಲಯ ಅಮಾವಾಸ್ಯೆ ಬಂತು. ಅಪ್ಪನಿಗೆ ಎಡೆ ಇಟ್ಟು ತಾರಸಿಯಲ್ಲಿ "ಕಾ ಕಾ" ಎಂದು ಕೂಗುವುದು ನನ್ನ ವಾರ್ಷಿಕ ಕರ್ತವ್ಯ. ಬೆಂಗಳೂರಿನ ಕಾಗೆಗಳಿಗೆ ಆ ದಿನ ಎಷ್ಟು ಮನೆಯ ಕರೆಯೋ, ನಮ್ಮ ಸರದಿ ಬರುವುದೇ ಇಲ್ಲ; ವಡೆಯನ್ನು ಪಾರಿವಾಳ ಕುಕ್ಕುತ್ತದೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಾಳೆ. ಈ ಸಲ ಒಂದು ಕಾಗೆ ಟ್ಯಾಂಕಿನ ಮೇಲೆ ಇಳಿಯಿತು, ಗೂಬೆಯನ್ನು ನೋಡಿತು, ಕಿರುಚಿತು. ರಾತ್ರಿ ಮರಿ ಕದಿಯುವ ಗೂಬೆ ಹಗಲಲ್ಲಿ ಕಣ್ಣಿಗೆ ಬಿದ್ದರೆ ಕಾಗೆಗಳು ಬಳಗ ಕಟ್ಟಿಕೊಂಡು ಮುತ್ತುತ್ತವೆ. ಬೇರೆ ದೇಶಗಳಲ್ಲಿ ಕಾಗೆ ಬೇಟೆಗೆ ಗೂಬೆ ಬೊಂಬೆ ಇಡುವುದು ಇದಕ್ಕೇ. ಹೊಂಗಸಂದ್ರ, ಬೇಗೂರು ರಸ್ತೆ, ಎಲ್ಲ ಕಡೆಯ ಕಾಗೆಗಳೂ ಬಂದವು. ಗೂಬೆಯ ಕಣ್ಣಿನ ಸ್ಟಿಕ್ಕರು ಕಿತ್ತವು, ದಣಿವಾರಿಸಿಕೊಳ್ಳಲು ಎಡೆಗೆ ಕುಳಿತವು. ವಡೆ, ಪಾಯಸ, ಕೋಸಂಬರಿ ಏನೂ ಉಳಿಯಲಿಲ್ಲ.

"ನಿಮ್ಮಪ್ಪ ಬಂದ್ರು ಕಣೋ!" ಅಮ್ಮ ಕೈಮುಗಿದಳು.

"ಗೂಬೆಗೆ ಯಾಕಮ್ಮ ಹಾಗೆ ಕುಕ್ಕಿದ್ರು?"

"ನೀನು ಜೋಡಿಸಿದ್ದು ಅಂತ ಗೊತ್ತಾಗಿರುತ್ತೆ. ಇದ್ದಾಗಲೂ ನಿನ್ನ ಕೆಲಸ ನೋಡಿದ್ರೆ ಅವರಿಗೆ ಮೈ ಉರೀತಿತ್ತು."

ಮಾರನೇ ವಾರ ಎದುರು ಕಟ್ಟಡದವರು ಬಂದರು. ಅವರತ್ತೆಯ ತಿಥಿಯಂತೆ, ಒಂದು ಹೊತ್ತಿಗೆ ಗೂಬೆ ಬೇಕಂತೆ. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟಳು. "ಸಂಜೆ ಐದರೊಳಗೆ ತಂದುಕೊಡಿ. ತಲೆ ಮಾತ್ರ ಸರಿಮಾಡೋಕೆ ಹೋಗಬೇಡಿ. ಹಾಗಿದ್ರೇನೇ ಕೆಲಸ ಮಾಡೋದು."